ಕೈತೋಟಕ್ಕೆ ಮೂರು ಕೊಟೇಷನ್: ದರ ಕೇಳುವ ಮುನ್ನ ಟೇಪು ಹಿಡಿಯಿರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆ ಕಟ್ಟಿ ಮುಗಿಸಿದವರನ್ನು ಕೇಳಿದರೆ ಅದಕ್ಕೆ ಇನ್ನೊಂದನ್ನು ಸೇರಿಸಿಯಾರು: ‘ಮನೆಯ ಮುಂದೆ ತೋಟ ಮಾಡಿಸಿ ನೋಡು.’ ಗೃಹಪ್ರವೇಶ ಮುಗಿದಿರುತ್ತದೆ. ಬಾಗಿಲಿನ ತೋರಣ ಒಣಗಿರುತ್ತದೆ. ಮುಂದಿನ ಜಾಗದಲ್ಲಿ ಮಾತ್ರ ಒಡೆದ ಇಟ್ಟಿಗೆ, ಉಳಿದ ಜಲ್ಲಿ, ಕಲ್ಲಾಗಿ ಹೋದ ಸಿಮೆಂಟ್ ಚೀಲ, ಟೈಲ್ಸ್ ಚೂರು, ಬಣ್ಣದ ಖಾಲಿ ಡಬ್ಬಗಳ ರಾಶಿ ಹಾಗೆಯೇ ಬಿದ್ದಿರುತ್ತದೆ. ಅಷ್ಟು ಹೊತ್ತಿಗೆ ಬ್ಯಾಂಕಿನ ಸಾಲದ ಹಣವೂ ಮುಗಿದಿರುತ್ತದೆ. ಉಳಿದಿರುವುದು ಎಲ್ಲೋ ಕೂಡಿಟ್ಟ ಅಷ್ಟಿಷ್ಟು ಹಣ, ಇಲ್ಲವೆ ನಿವೃತ್ತಿಯ ಗ್ರಾಚುಯಿಟಿಯಲ್ಲಿ ಮಿಕ್ಕ ಪಾಲು.

ಆ ಹಣದಲ್ಲಿ ಮಗಳಿಗೆ ಹುಲ್ಲುಹಾಸು ಬೇಕು, ಅಜ್ಜಿಗೆ ಪಾರಿಜಾತ ಬೇಕು, ತಾಯಿಗೆ ಕರಿಬೇವು ಮತ್ತು ನಿಂಬೆ ಬೇಕು, ತಂದೆಗೆ ಸ್ಕೂಟರು ನಿಲ್ಲಿಸಲು ಕಲ್ಲುಹಾಸು ಬೇಕು. ಯಾರೋ ಹೇಳಿದರೆಂದು ಒಬ್ಬ ಗುತ್ತಿಗೆದಾರರನ್ನು ಕರೆಸುತ್ತಾರೆ. ಅವರು ಗೇಟಿನ ಬಳಿ ನಿಂತು ಎರಡು ನಿಮಿಷ ನೋಡಿ, ‘ಎಲ್ಲಾ ಸೇರಿ ಎಂಬತ್ತು ಸಾವಿರ ಆಗುತ್ತೆ ಸಾರ್’ ಎನ್ನುತ್ತಾರೆ. ಮರುದಿನ ಬಂದವರು ಅರವತ್ತು ಎನ್ನುತ್ತಾರೆ. ಮೂರನೆಯವರು ಒಂದು ಲಕ್ಷಕ್ಕೆ ಕಡಿಮೆ ಇಳಿಯುವುದೇ ಇಲ್ಲ. ಮನೆಯವರಿಗೆ ಈಗ ಮೊದಲಿಗಿಂತ ಹೆಚ್ಚು ಗೊಂದಲ. ಇವರಲ್ಲಿ ಯಾರದ್ದು ಸರಿ?

ಮೂವರದ್ದೂ ಸರಿಯೇ ಇರಬಹುದು. ಏಕೆಂದರೆ ಮೂವರೂ ಉತ್ತರಿಸಿದ್ದು ಬೇರೆ ಬೇರೆ ಪ್ರಶ್ನೆಗಳಿಗೆ. ಒಬ್ಬರು ಆರು ಅಂಗುಲ ಮಣ್ಣು ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಒಂದು ಅಡಿ. ಒಬ್ಬರು ಅವಶೇಷದ ರಾಶಿಯನ್ನು ಹೊರಗೆ ಸಾಗಿಸುತ್ತಾರೆ, ಇನ್ನೊಬ್ಬರು ಅದರ ಮೇಲೆಯೇ ಮಣ್ಣು ಸುರಿಯುತ್ತಾರೆ. ದತ್ತಾಂಶವಿಲ್ಲದ ಲೆಕ್ಕವನ್ನು ಪರೀಕ್ಷೆಯಲ್ಲಿ ಕೊಟ್ಟರೆ ಪ್ರತಿ ವಿದ್ಯಾರ್ಥಿಯೂ ತನಗೆ ತೋಚಿದ ಅಂಕಿಯನ್ನು ಹಿಡಿದು ಬಿಡಿಸುತ್ತಾನೆ. ಉತ್ತರಗಳು ಬೇರೆಯಾದರೆ ಅದು ವಿದ್ಯಾರ್ಥಿಯ ತಪ್ಪಲ್ಲ, ಪ್ರಶ್ನೆ ಬರೆದವರ ತಪ್ಪು.

ಸರ್ಕಾರಿ ಕೆಲಸಗಳಿಗೆ ಟೆಂಡರ್ ಕರೆಯುವಾಗ ಈ ಗೊಂದಲ ಬಾರದಿರಲೆಂದೇ ಕೆಲಸದ ಪ್ರತಿಯೊಂದು ಬಾಬತ್ತಿಗೂ ಪರಿಮಾಣ ನಮೂದಿಸಿದ ಪಟ್ಟಿಯನ್ನು ಮೊದಲೇ ಕೊಡುತ್ತಾರೆ. ಖರೀದಿಯಲ್ಲಿ ಪಾರದರ್ಶಕತೆ ಇರಬೇಕೆಂದು ನಮ್ಮ ರಾಜ್ಯದಲ್ಲಿ 1999ರಲ್ಲಿ ಒಂದು ಕಾಯ್ದೆಯೇ ಆಯಿತು. ಮನೆಯ ತೋಟಕ್ಕೆ ಅಷ್ಟು ದಪ್ಪ ದಸ್ತಾವೇಜು ಬೇಡ. ಆದರೆ ಅದರ ಹಿಂದಿನ ತತ್ವ ಬೇಕು: ಎಲ್ಲರಿಗೂ ಒಂದೇ ಪ್ರಶ್ನೆ, ಅದೂ ಬರವಣಿಗೆಯಲ್ಲಿ. ಈ ಪ್ರಶ್ನೆಪತ್ರಿಕೆಯನ್ನು ತಯಾರಿಸಲು ಎಂಟನೆಯ ತರಗತಿಯ ಗಣಿತ ಮತ್ತು ವಿಜ್ಞಾನ ಧಾರಾಳವಾಗಿ ಸಾಕು. ಮನೆಯ ಮಕ್ಕಳೇ ಮಾಡಬಹುದಾದ ಕೆಲಸವಿದು.

ಟೇಪು, ದಾರ ಮತ್ತು ಗ್ರಾಫ್ ಹಾಳೆ

ಮನೆಯ ಮುಂದೆ 30 ಅಡಿ ಅಗಲ, 20 ಅಡಿ ಆಳದ ಜಾಗವಿದೆ ಎಂದಿಟ್ಟುಕೊಳ್ಳೋಣ. ಒಟ್ಟು 600 ಚದರ ಅಡಿ. ಮೊದಲು ನಾಲ್ಕೂ ಬದಿಗಳನ್ನು ಅಳೆಯಿರಿ, ನಂತರ ಎರಡು ಕರ್ಣಗಳನ್ನೂ ಅಳೆಯಿರಿ. ಎದುರು ಬದಿಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಜಾಗ ಆಯತ. ಇಲ್ಲದಿದ್ದರೆ ಎಲ್ಲೋ ಮೂಲೆ ಸೊಟ್ಟಗಿದೆ. ಒಂದೇ ಮೂಲೆಯನ್ನು ಪರೀಕ್ಷಿಸಬೇಕಿದ್ದರೆ ಮೇಸ್ತ್ರಿಗಳ ಹಳೆಯ ಉಪಾಯವಿದೆ. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ ಎರಡರ ನಡುವಿನ ದೂರ ಅಳೆಯಿರಿ. ಅದು ಸರಿಯಾಗಿ 5 ಅಡಿ ಬಂದರೆ ಮೂಲೆ ಲಂಬಕೋನ. ಪೈಥಾಗೊರಸನ ಪ್ರಮೇಯ ಪುಸ್ತಕ ಬಿಟ್ಟು ಅಂಗಳಕ್ಕೆ ಇಳಿಯುವುದು ಹೀಗೆ.

ಬಳಿಕ ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 2 ಅಡಿಯ ಪ್ರಮಾಣ ಹಿಡಿದು ನಕ್ಷೆ ಬರೆಯಿರಿ. ನಮ್ಮ ಜಾಗ ಹಾಳೆಯ ಮೇಲೆ 15 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಆಯತವಾಗುತ್ತದೆ. ಅದರೊಳಗೆ ಗೇಟಿನಿಂದ ಬಾಗಿಲಿಗೆ 4 ಅಡಿ ಅಗಲದ ಹಾದಿ, ಅಂದರೆ 80 ಚದರ ಅಡಿ. ಹುಲ್ಲುಹಾಸು 16 ಅಡಿಗೆ 15 ಅಡಿ, ಅಂದರೆ 240. ಹೂವಿನ ಮಡಿಗೆ 100. ತರಕಾರಿ ಮಡಿಗೆ 100. ನಲ್ಲಿಕಟ್ಟೆ, ಗೊಬ್ಬರದ ಗುಂಡಿ, ಮಳೆನೀರು ಇಂಗುಗುಂಡಿಗೆ ಉಳಿದ 80. ನೀರಿನ ಪೈಪು, ಚರಂಡಿ, ಸಂಪು, ವಿದ್ಯುತ್ ಕೇಬಲ್ ಎಲ್ಲೆಲ್ಲಿ ಹೋಗಿವೆ ಎಂಬುದನ್ನೂ ಅದರಲ್ಲೇ ಗುರುತಿಸಿ. ಗುದ್ದಲಿ ಏಟಿಗೆ ಪೈಪು ಒಡೆದ ಮೇಲೆ ‘ಇಲ್ಲಿ ಪೈಪಿತ್ತು’ ಎಂದು ನೆನಪಾದರೆ ಪ್ರಯೋಜನವಿಲ್ಲ.

ಇನ್ನು ಇಳಿಜಾರು. ನೆಲ ಕಣ್ಣಿಗೆ ಸಮವಾಗಿ ಕಂಡರೂ ನೀರಿಗೆ ಸಮವಾಗಿರಬೇಕೆಂದಿಲ್ಲ. ಪಾರದರ್ಶಕ ಕೊಳವೆಯೊಂದರಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಮನೆಯ ಗೋಡೆಯ ಬಳಿ, ಇನ್ನೊಂದನ್ನು ಗೇಟಿನ ಬಳಿ ಎತ್ತಿ ಹಿಡಿಯಿರಿ. ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕಿರುವ ಎತ್ತರವನ್ನು ಎರಡೂ ಕಡೆ ಅಳೆದರೆ ವ್ಯತ್ಯಾಸವೇ ಇಳಿಜಾರು. ಮನೆಯಿಂದ ರಸ್ತೆಯ ಕಡೆಗೆ 60ಕ್ಕೆ 1ರಂತೆ ಇಳಿಜಾರು ಬೇಕೆಂದರೆ 20 ಅಡಿಗೆ 4 ಅಂಗುಲ ಇಳಿಯಬೇಕು. ಈ ನಾಲ್ಕು ಅಂಗುಲವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಮುಂದೆ ಮಳೆಗಾಲದಲ್ಲಿ ಯಾರೂ ಯಾರೊಂದಿಗೂ ಜಗಳವಾಡಬೇಕಿಲ್ಲ.

ಮನೆಯ ನೆರಳೂ ಲೆಕ್ಕಕ್ಕೆ ಬರಬೇಕು

ಹುಲ್ಲುಹಾಸಿಗೆ ಬಿಸಿಲು ಬೇಕು. ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ವಾಸ್ತುವಿನವರು ಮಾತ್ರವಲ್ಲ, ತೋಟದವರೂ ಕೇಳಬೇಕು. ಬೆಂಗಳೂರು, ಹಾಸನ, ಮಂಗಳೂರುಗಳೆಲ್ಲ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಇಪ್ಪತ್ಮೂರೂವರೆ ಡಿಗ್ರಿ ಸರಿದಿರುತ್ತಾನೆ. ಆಗ ನಡುಮಧ್ಯಾಹ್ನದಲ್ಲೂ ಅವನ ಎತ್ತರ ಸುಮಾರು ಐವತ್ಮೂರೂವರೆ ಡಿಗ್ರಿ ಮಾತ್ರ. ಇಪ್ಪತ್ತು ಅಡಿ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ಕಲಬುರಗಿಯಲ್ಲಿ ಇನ್ನೂ ಹೆಚ್ಚು, 17 ಅಡಿ. ಮನೆ ಉತ್ತರಾಭಿಮುಖವಾಗಿದ್ದು ಮುಂದಿನ ಜಾಗ 20 ಅಡಿಯಷ್ಟೇ ಆಳವಿದ್ದರೆ, ಚಳಿಗಾಲದಲ್ಲಿ ಅದರ ಮುಕ್ಕಾಲು ಭಾಗ ಮಧ್ಯಾಹ್ನವೂ ನೆರಳಿನಲ್ಲೇ ಇರುತ್ತದೆ. ಅಲ್ಲಿ ದುಡ್ಡು ಸುರಿದು ಹಾಸಿದ ಹುಲ್ಲು ಹಳದಿಯಾಗಿ ತೆಳ್ಳಗಾದರೆ ಹುಲ್ಲನ್ನು ದೂರಿ ಫಲವಿಲ್ಲ.

ಮಕ್ಕಳು ಒಂದು ಭಾನುವಾರ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಸುಣ್ಣದಲ್ಲಿ ಗುರುತು ಹಾಕಿ, ಅದನ್ನು ಗ್ರಾಫ್ ಹಾಳೆಗೆ ಏರಿಸಬಹುದು. ಆದರೆ ಆ ಗುರುತು ಆ ತಿಂಗಳಿಗೆ ಮಾತ್ರ ಸರಿ ಎಂಬುದು ನೆನಪಿರಲಿ. ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುವುದರಿಂದ ಚಿತ್ರ ತಿರುವುಮುರುವಾಗುತ್ತದೆ. ಕೊಟೇಷನ್ ಕೊಡಲು ಬಂದವರು ‘ಇಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತೆ?’ ಎಂದು ತಾವಾಗಿಯೇ ಕೇಳಿದರೆ, ಅವರಿಗೆ ಕೆಲಸ ಗೊತ್ತು ಎಂಬುದಕ್ಕೆ ಅದು ಮೊದಲ ಲಕ್ಷಣ.

ಬಾಟಲಿಯಲ್ಲಿ ಮಣ್ಣು, ಗುಂಡಿಯಲ್ಲಿ ನೀರು

ಮಣ್ಣಿನ ಗುಣ ತಿಳಿಯಲು ಗಾಜಿನ ಬಾಟಲಿಯೊಂದು ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ನಯವಾದ ಗೋಡಿಗೆ ಗಂಟೆಗಳು ಬೇಕು. ಜೇಡಿಗೆ ಒಂದೆರಡು ದಿನವೇ ಬೇಕು. ಕಣದ ವ್ಯಾಸ ಹತ್ತನೇ ಒಂದಕ್ಕೆ ಇಳಿದರೆ ಅದು ನೀರಿನಲ್ಲಿ ಇಳಿಯುವ ವೇಗ ನೂರನೇ ಒಂದಕ್ಕೆ ಇಳಿಯುತ್ತದೆ ಎಂಬ ಸ್ಟೋಕ್ಸ್ ನಿಯಮವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಪದರಗಳ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದರೆ ಮರಳು ಎಷ್ಟು ಪಾಲು, ಜೇಡಿ ಎಷ್ಟು ಪಾಲು ಎಂಬ ಅಂದಾಜು ಸಿಗುತ್ತದೆ. ‘ಒಳ್ಳೇ ಕೆಂಪುಮಣ್ಣು ಹಾಕ್ತೀವಿ’ ಎಂದು ಗುತ್ತಿಗೆದಾರರು ತೋರಿಸುವ ಮಾದರಿಗೂ ಇದೇ ಪರೀಕ್ಷೆ ಮಾಡಿ.

ಎರಡನೆಯದು ಗುಂಡಿಯ ಪರೀಕ್ಷೆ. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಅಂಗುಲ ಇಳಿಯುತ್ತದೆ ಎಂದು ಬರೆದುಕೊಳ್ಳಿ. ಗಂಟೆಗೆ ಒಂದು ಅಂಗುಲವೂ ಇಳಿಯದಿದ್ದರೆ ಗಿಡದ ಬೇರು ಕೊಳೆಯುವ ಸಂಭವವಿದೆ. ನೀರು ಬಸಿದುಹೋಗುವ ಏರ್ಪಾಡನ್ನು ಕೊಟೇಷನ್ನಿನಲ್ಲೇ ಕೇಳಬೇಕಾಗುತ್ತದೆ.

ಗುಂಡಿ ತೋಡುವಾಗ ಇನ್ನೊಂದು ಸಂಗತಿ ತಾನಾಗಿಯೇ ಬಯಲಾಗುತ್ತದೆ: ಕಟ್ಟಡದ ಅವಶೇಷ. ಸಿಮೆಂಟ್, ಸುಣ್ಣ, ಗಾರೆಯ ಚೂರುಗಳು ಮಣ್ಣನ್ನು ಕ್ಷಾರೀಯಗೊಳಿಸುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಕೇಪಳದಂಥ ಗಿಡಗಳ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಮಿಕ್ಕೆಲ್ಲ ಹಳದಿಯಾಗುವುದಕ್ಕೆ ಇದೇ ಕಾರಣ. ಮೇಲೆ ಎಷ್ಟು ಗೊಬ್ಬರ ಸುರಿದರೂ ಕೆಳಗಿನ ಗಾರೆ ಸುಮ್ಮನಿರುವುದಿಲ್ಲ. ಆದ್ದರಿಂದ ‘ಒಂದು ಅಡಿ ಆಳದವರೆಗೆ ಅವಶೇಷ ಅಗೆದು ಹೊರಗೆ ಸಾಗಿಸುವುದು’ ಎಂಬುದು ಪಟ್ಟಿಯ ಮೊದಲ ಬಾಬತ್ತಾಗಲಿ.

‘ಲೋಡ್’ ಎಂಬುದು ಅಳತೆಯಲ್ಲ

ಕೊಟೇಷನ್‌ಗಳಲ್ಲಿ ಅತಿ ಹೆಚ್ಚು ಮೋಸ ಹೋಗುವ ಪದವೆಂದರೆ ‘ಲೋಡ್’. ‘ಐದು ಲೋಡ್ ಮಣ್ಣು’ ಎಂದರೆ ಎಷ್ಟು? ಟ್ರ್ಯಾಕ್ಟರಿನ ಟ್ರೇಲರಿಗೆ ಒಂದು ಅಳತೆ, ಟಿಪ್ಪರಿಗೆ ಇನ್ನೊಂದು ಅಳತೆ. ಅಂಚಿನವರೆಗೆ ತುಂಬಿದ್ದಕ್ಕೂ ನಡುವಿನವರೆಗೆ ತುಂಬಿದ್ದಕ್ಕೂ ಅಜಗಜಾಂತರ. ಘನ ಅಡಿಯಲ್ಲಿ ಕೇಳುವುದೊಂದೇ ದಾರಿ.

ನಮ್ಮ ಉದಾಹರಣೆಯಲ್ಲಿ ಹುಲ್ಲು, ಹೂವು, ತರಕಾರಿ ಸೇರಿ 440 ಚದರ ಅಡಿ. ಒಂಬತ್ತು ಅಂಗುಲ ಮಣ್ಣು ಬೇಕೆಂದರೆ 440ನ್ನು ಮುಕ್ಕಾಲರಿಂದ ಗುಣಿಸಿ: 330 ಘನ ಅಡಿ. ಆದರೆ ಸಡಿಲವಾಗಿ ತಂದು ಸುರಿದ ಮಣ್ಣು ಎರಡು ಮಳೆ ಬಿದ್ದ ಮೇಲೆ ಕುಸಿಯುತ್ತದೆ. ಐದರಲ್ಲಿ ಒಂದು ಪಾಲು ಕುಸಿಯುತ್ತದೆ ಎಂದು ಹಿಡಿದರೆ ತರಬೇಕಾದದ್ದು 330 ಭಾಗಿಸು 0.8, ಅಂದರೆ ಸುಮಾರು 412 ಘನ ಅಡಿ. ಟ್ರೇಲರಿನ ಒಳ ಅಳತೆ 10 ಅಡಿ, 6 ಅಡಿ, ಒಂದೂವರೆ ಅಡಿ ಇದ್ದರೆ ಅದರಲ್ಲಿ ಹಿಡಿಯುವುದು 90 ಘನ ಅಡಿ. ನಾಲ್ಕು ಲೋಡ್ ಸಾಲದು, ಐದು ಬೇಕು. ಒಂದು ಅಂಗುಲ ದಪ್ಪ ಕೊಟ್ಟಿಗೆ ಗೊಬ್ಬರ ಹರಡಲು ಸುಮಾರು 37 ಘನ ಅಡಿ ಬೇಕು. ಈ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡವರ ಮುಂದೆ ‘ಎರಡು ಲೋಡ್ ಹೆಚ್ಚು ಬಂತು ಸಾರ್’ ಎಂಬ ಮಾತು ಸುಲಭವಾಗಿ ನಡೆಯುವುದಿಲ್ಲ.

ಗಿಡಗಳಿಗೂ ಇದೇ ನ್ಯಾಯ. ‘ಹೂವಿನ ಗಿಡ 30’ ಎಂದರೆ ಸಾಲದು. ಯಾವ ಗಿಡ, ಎಷ್ಟು ಎತ್ತರ, ಕವರಿನಲ್ಲಿದೆಯೋ ಕುಂಡದಲ್ಲಿದೆಯೋ, ಕಸಿ ಗಿಡವೋ ಬೀಜದ್ದೋ ಎಂದು ಬರೆಯಿಸಿ. ತೋಟಗಾರಿಕೆ ಇಲಾಖೆಯ ನರ್ಸರಿಗಳಿಗೆ ಒಮ್ಮೆ ಹೋಗಿಬಂದರೆ ಗಿಡಗಳ ದರದ ಅಂದಾಜು ನಿಮಗೇ ಸಿಗುತ್ತದೆ. ಅರಳಿ, ಆಲದ ಜಾತಿಯವನ್ನು ಕಾಂಪೌಂಡಿನ ಬಳಿ ನೆಡಲು ಒಪ್ಪಬೇಡಿ. ತೆಂಗಿನ ಸಸಿ ಇಂದು ಮೊಣಕಾಲೆತ್ತರವಿದ್ದರೂ ನಾಳೆ ಅದರ ಗರಿ ಬೀಳುವುದು ಪಕ್ಕದ ಮನೆಯ ಹೆಂಚಿನ ಮೇಲೆ.

ಪಾಯಕ್ಕೆ ತಾಗಿದ ಮಣ್ಣು

ನಮ್ಮ ಪಕ್ಕದ ಬೀದಿಯಲ್ಲಿ ನಿವೃತ್ತ ನೌಕರರೊಬ್ಬರ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಅವರಿಗೆ ಸಿಕ್ಕಿದ್ದ ಕೊಟೇಷನ್ನಿನಲ್ಲಿ ಮೂರೇ ಸಾಲುಗಳಿದ್ದವು: ಮಣ್ಣು ತುಂಬಿಸುವುದು, ಹುಲ್ಲು ಹಾಕುವುದು, ಗಿಡ ನೆಡುವುದು, ಕೆಳಗೆ ಒಟ್ಟು ಮೊತ್ತ. ಮೂವರಲ್ಲಿ ಅದೇ ಕಡಿಮೆಯದು. ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು, ನೋಡಲು ಚೆಂದವಾಗಿಯೂ ಇತ್ತು. ಆದರೆ ಮಣ್ಣಿನ ಮಟ್ಟ ಪಾಯದ ಮೇಲಿನ ತೇವ ತಡೆಯುವ ಪಟ್ಟಿಯನ್ನು ದಾಟಿ ಗೋಡೆಯವರೆಗೆ ಏರಿತ್ತು, ಇಳಿಜಾರು ಮನೆಯ ಕಡೆಗೇ ಇತ್ತು.

ಜೂನಿನ ಮಳೆ ಬಂತು. ಎರಡು ವಾರದಲ್ಲಿ ನಡುಮನೆಯ ಗೋಡೆ ಒಳಗಿನಿಂದ ಎರಡಡಿ ಎತ್ತರಕ್ಕೆ ಒದ್ದೆಯಾಗಿ ಬಣ್ಣ ಉಬ್ಬಿ ಉದುರತೊಡಗಿತು. ಇಟ್ಟಿಗೆಯೊಳಗಿನ ಸೂಕ್ಷ್ಮ ರಂಧ್ರಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ನೀರು ಹೀರುತ್ತವೆ. ಲೋಮನಾಳ ಕ್ರಿಯೆ ಎಂದು ನಾವು ಪಾಠ ಮಾಡುವುದು ಇದನ್ನೇ. ಮಣ್ಣು ಆ ಪಟ್ಟಿಗಿಂತ ಕನಿಷ್ಠ ಆರು ಅಂಗುಲ ಕೆಳಗಿದ್ದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಗುತ್ತಿಗೆದಾರರನ್ನು ಕರೆದು ಕೇಳಿದರೆ ‘ಮಟ್ಟ ಎಷ್ಟಿರಬೇಕೂಂತ ನೀವು ಹೇಳಿರಲಿಲ್ಲವಲ್ಲ’ ಎಂದರು. ಕಾಗದದಲ್ಲಿ ಇರಲಿಲ್ಲ, ನಿಜ. ಹಾಕಿಸಿದ ಮಣ್ಣನ್ನು ಅಗೆದು ತೆಗೆಸಲು ಮತ್ತೆ ಕೂಲಿ, ಗೋಡೆಯ ಗಿಲಾವು ಕೆತ್ತಿ ಹೊಸದಾಗಿ ಮೆತ್ತಿಸಲು ಮತ್ತೆ ಖರ್ಚು. ಅಗ್ಗದ ಕೊಟೇಷನ್ನಿನಿಂದ ಉಳಿದದ್ದಕ್ಕಿಂತ ಹೆಚ್ಚು ಹಣ ಮಳೆಗಾಲ ಮುಗಿಯುವುದರೊಳಗೆ ಕೈಬಿಟ್ಟಿತ್ತು. ‘ಮಾತು ಮನೆ ಕೆಡಿಸಿತು’ ಎಂಬುದು ಗಾದೆ. ಬರೆಯದೆ ಬಿಟ್ಟ ಮಾತೂ ಮನೆ ಕೆಡಿಸುತ್ತದೆ.

ಮಳೆಯ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ ತಾರಸಿಯಿಂದಲೇ 4,650 ಲೀಟರ್ ಇಳಿಯುತ್ತದೆ. ಅದು ತೋಟಕ್ಕೆ ನುಗ್ಗಿ ಮಣ್ಣು ಕೊಚ್ಚಿಕೊಂಡು ಹೋಗುತ್ತದೆಯೋ, ಇಂಗುಗುಂಡಿಗೆ ಇಳಿಯುತ್ತದೆಯೋ ಎಂಬುದು ಕೊಟೇಷನ್ ಕೇಳುವಾಗಲೇ ತೀರ್ಮಾನವಾಗಬೇಕು. ಬೆಂಗಳೂರಿನಲ್ಲಂತೂ 2009ರ ತಿದ್ದುಪಡಿಯಿಂದ 30x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ತೋಟದ ಕೆಲಸದ ಜೊತೆಗೇ ಗುಂಡಿ ತೋಡಿಸಿದರೆ ಅಗೆತ ಒಂದೇ ಸಲ ಮುಗಿಯುತ್ತದೆ.

ಅಗ್ಗದ್ದು ನಿಜಕ್ಕೂ ಅಗ್ಗವೇ?

ಈಗ ನಕ್ಷೆ ಮತ್ತು ಪಟ್ಟಿಯ ಮೂರು ಪ್ರತಿ ತೆಗೆಸಿ ಮೂವರಿಗೆ ಕೊಡಿ. ಮೂವರನ್ನೂ ಸ್ಥಳಕ್ಕೆ ಕರೆಸಿ ತೋರಿಸಿ, ಆದರೆ ಬೇರೆ ಬೇರೆ ದಿನ. ಪ್ರತಿ ಬಾಬತ್ತಿಗೂ ಪರಿಮಾಣ, ದರ, ಮೊತ್ತ ಬೇರೆ ಬೇರೆಯಾಗಿ ಬರೆದು ಒಂದು ವಾರದೊಳಗೆ ಕೊಡಲು ಹೇಳಿ. ಅವರು ಹಿಂದೆ ಮಾಡಿದ ಎರಡು ತೋಟಗಳ ವಿಳಾಸ ಕೇಳಿ. ಒಂದು ಹೊಸದು, ಇನ್ನೊಂದು ಕನಿಷ್ಠ ಒಂದು ಮಳೆಗಾಲ ಕಂಡದ್ದು. ಹೊಸ ತೋಟ ಯಾರದ್ದಾದರೂ ಚೆಂದವೇ. ವರ್ಷ ಕಳೆದ ತೋಟ ಮಾತ್ರ ನಿಜ ಹೇಳುತ್ತದೆ.

ಉದಾಹರಣೆಗೆಂದು ಇಟ್ಟುಕೊಂಡ ಅಂಕಿಗಳಿಂದ ಹೋಲಿಸಿ ನೋಡೋಣ. ಮೊದಲನೆಯವರದ್ದು 68,000 ರೂಪಾಯಿ. ಎರಡನೆಯವರದ್ದು 92,000. ಮೂರನೆಯವರದ್ದು 79,000. ಮೇಲ್ನೋಟಕ್ಕೆ ತೀರ್ಮಾನ ಸುಲಭ. ಆದರೆ ಓದಿ ನೋಡಿದರೆ ಮೊದಲನೆಯವರು ಅವಶೇಷ ಸಾಗಣೆಯ 8,000, ಐದನೇ ಲೋಡ್ ಮಣ್ಣಿನ 4,000, ಗಿಡಗಳ ಸಾಗಣೆಯ 3,000, ಮೂರು ತಿಂಗಳ ಆರೈಕೆಯ 9,000 ರೂಪಾಯಿಗಳನ್ನು ಸೇರಿಸಿಯೇ ಇಲ್ಲ. ಎಲ್ಲ ಸೇರಿಸಿದರೆ ಅವರದ್ದು 92,000 ಆಗುತ್ತದೆ. ಎರಡನೆಯವರು ನಾವು ಕೇಳದ ತೋಟದ ದೀಪಗಳಿಗೆ 6,000 ಸೇರಿಸಿದ್ದಾರೆ. ಅದನ್ನು ಕಳೆದರೆ 86,000. ಮೂರನೆಯವರು ಆರೈಕೆಯೊಂದನ್ನು ಬಿಟ್ಟಿದ್ದಾರೆ; ಸೇರಿಸಿದರೆ 88,000. ಎಲ್ಲಕ್ಕಿಂತ ದುಬಾರಿ ಎನಿಸಿದ್ದೇ ಕಡಿಮೆಯದಾಯಿತು, ಕಡಿಮೆಯದು ದುಬಾರಿಯಾಯಿತು! ಛೇದ ಒಂದೇ ಮಾಡದೆ ಭಿನ್ನರಾಶಿಗಳನ್ನು ಹೋಲಿಸಬಾರದೆಂದು ಐದನೆಯ ತರಗತಿಯಲ್ಲೇ ಕಲಿಸುತ್ತೇವಲ್ಲ, ಅದೇ ಪಾಠ. ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಇಲ್ಲಿಯೇ ಕೇಳಿಬಿಡಿ.

ಇನ್ನೊಂದು ಖರ್ಚು ಯಾವ ಕೊಟೇಷನ್ನಿನಲ್ಲೂ ಕಾಣುವುದಿಲ್ಲ: ಮುಂದಿನ ನೀರು. ಬೇಸಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಹಿಡಿದರೆ ನಮ್ಮ 240 ಚದರ ಅಡಿಗೆ ದಿನಕ್ಕೆ ಸುಮಾರು 110 ಲೀಟರ್ ಬೇಕು. ನಲ್ಲಿಯಲ್ಲಿ ವಾರಕ್ಕೆರಡು ದಿನ ನೀರು ಬರುವ ಊರಿನಲ್ಲಿ ಇದು ಯೋಚಿಸಬೇಕಾದ ಮಾತು. ಹುಲ್ಲನ್ನು ಅರ್ಧಕ್ಕಿಳಿಸಿ ಉಳಿದ ಜಾಗದಲ್ಲಿ ದಾಸವಾಳ, ಕನಕಾಂಬರ, ನುಗ್ಗೆ ಹಾಕಿದರೆ ಕೊಟೇಷನ್ನೂ ಇಳಿಯುತ್ತದೆ, ಕೊಡಪಾನಗಳೂ ಇಳಿಯುತ್ತವೆ.

ಎತ್ತಿನ ತೂಕ, ಎಣ್ಣೆಬಾವಿಯ ಹರಾಜು

ಒಂದೇ ಕೊಟೇಷನ್ ಏಕೆ ಸಾಲದು ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಸೊಗಸಾದ ಉದಾಹರಣೆಯಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ದನಗಳ ಪ್ರದರ್ಶನದಲ್ಲಿ ಎತ್ತೊಂದನ್ನು ಕಡಿದು ಹಸನು ಮಾಡಿದರೆ ಮಾಂಸ ಎಷ್ಟು ತೂಗೀತೆಂದು ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು, ಸರಿಯಾಗಿ ಓದಲು ಬಂದ 787 ಊಹೆಗಳನ್ನು ಕ್ರಮವಾಗಿ ಜೋಡಿಸಿದರು. ನಟ್ಟನಡುವಿನ ಊಹೆ 1,207 ಪೌಂಡ್. ನಿಜವಾದ ತೂಕ 1,198 ಪೌಂಡ್. ಒಬ್ಬೊಬ್ಬರು ತಪ್ಪಿದರೂ ಎಲ್ಲರ ನಡುವಿನದು ನೂರಕ್ಕೆ ಒಂದರಷ್ಟೂ ತಪ್ಪಲಿಲ್ಲ. ಮೂರು ಕೊಟೇಷನ್ 787 ಊಹೆಗಳಿಗೆ ಸಮವಲ್ಲ, ನಿಜ. ಆದರೂ ನಡುವಿನದು ಎಲ್ಲಿದೆ ಎಂದು ತಿಳಿಯಲು ಕನಿಷ್ಠ ಮೂರಾದರೂ ಬೇಕು. ಎರಡರಲ್ಲಿ ನಡುವಿನದೆಂಬುದೇ ಇರುವುದಿಲ್ಲ.

ಎರಡನೆಯ ಉದಾಹರಣೆ ಅಮೆರಿಕದ್ದು. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ತೆಗೆಯುವ ಹಕ್ಕನ್ನು ಹರಾಜು ಹಾಕುತ್ತಿದ್ದಾಗ, ಹರಾಜು ಗೆದ್ದ ಕಂಪನಿಗಳಿಗೆ ಎಣಿಸಿದಷ್ಟು ಲಾಭ ಬರುತ್ತಿರಲಿಲ್ಲ. ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ಎಂಜಿನಿಯರುಗಳು 1971ರಲ್ಲಿ ಇದರ ಕಾರಣ ವಿವರಿಸಿದರು. ಎಲ್ಲರೂ ಅಂದಾಜಿನ ಮೇಲೆ ಕೂಗುವಾಗ ಗೆಲ್ಲುವವನು ಅತಿ ಹೆಚ್ಚು ಅಂದಾಜಿಸಿದವನು, ಅಂದರೆ ಬಹುಮಟ್ಟಿಗೆ ಅತಿ ಹೆಚ್ಚು ತಪ್ಪಿದವನು. ಇದಕ್ಕೆ ‘ಗೆದ್ದವನ ಶಾಪ’ ಎಂದೇ ಹೆಸರಾಯಿತು. ಗುತ್ತಿಗೆಯಲ್ಲಿ ಇದರ ತಿರುವುಮುರುವು: ಗೆಲ್ಲುವುದು ಅತಿ ಕಡಿಮೆ ಹೇಳಿದವರು. ಅವರು ಬಹಳ ಸಲ ಯಾವುದೋ ಬಾಬತ್ತನ್ನು ಮರೆತವರಾಗಿರುತ್ತಾರೆ.

ಆದ್ದರಿಂದ ಎರಡು ಕೊಟೇಷನ್ ಹತ್ತಿರ ಹತ್ತಿರವಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಹಿಗ್ಗಬೇಡಿ. ಅವರನ್ನು ಕರೆದು ಪಟ್ಟಿಯನ್ನು ಸಾಲುಸಾಲಾಗಿ ಓದಿಸಿ. ಸ್ವಂತ ನರ್ಸರಿಯಿದೆ, ಟ್ರ್ಯಾಕ್ಟರ್ ಅವರದ್ದೇ ಎಂಬಂಥ ಕಾರಣವಿದ್ದರೆ ಒಳ್ಳೆಯದು, ಕೆಲಸ ಕೊಡಿ. ಕಾರಣವಿಲ್ಲದ ಅಗ್ಗಕ್ಕೆ ಬೆಲೆಯನ್ನು ಕೆಲಸದ ನಡುವೆ ತೆರಬೇಕಾಗುತ್ತದೆ: ಮಣ್ಣಿನ ದಪ್ಪ ಕಡಿಮೆಯಾಗುತ್ತದೆ, ಇಲ್ಲವೆ ಅರ್ಧ ಕೆಲಸಕ್ಕೆ ಆಳುಗಳು ಬರುವುದು ನಿಲ್ಲುತ್ತದೆ.

ಹಣ, ಕಾಗದ, ಕೂಲಿಯವರು

ಬಾಯಿಮಾತಿನ ಕರಾರಿಗೂ ಕಾನೂನಿನಲ್ಲಿ ಬೆಲೆಯಿದೆ. ಆದರೆ ಅದನ್ನು ಸಾಬೀತುಪಡಿಸುವುದು ಹೇಗೆ? ಒಂದು ಹಾಳೆಯ ಕರಾರು ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ನಕ್ಷೆ ಅದಕ್ಕೆ ಲಗತ್ತಾಗಿರಲಿ. ಕೆಲಸ ಶುರುವಾಗುವ ಮತ್ತು ಮುಗಿಯುವ ದಿನ, ಸತ್ತ ಗಿಡಕ್ಕೆ ಬದಲಿ ಗಿಡ ಎಷ್ಟು ತಿಂಗಳವರೆಗೆ, ಹೆಚ್ಚುವರಿ ಕೆಲಸವೇನಾದರೂ ಬಂದರೆ ಮೊದಲು ಬರೆದು ಒಪ್ಪಿಗೆ ಪಡೆದ ನಂತರವೇ ಮಾಡುವುದು, ಇವು ಅದರಲ್ಲಿರಲಿ. ಹಣವನ್ನು ಕಂತಿನಲ್ಲಿ ಕೊಡಿ. ನಾಲ್ಕನೇ ಒಂದು ಭಾಗ ಮುಂಗಡ, ಮಣ್ಣು ಮತ್ತು ಹಾದಿಯ ಕೆಲಸ ಮುಗಿದಾಗ ಒಂದು ಕಂತು, ಗಿಡ ನೆಟ್ಟಾಗ ಇನ್ನೊಂದು. ಹತ್ತನೇ ಒಂದು ಭಾಗವನ್ನು ಆರೈಕೆಯ ಅವಧಿ ಮುಗಿಯುವವರೆಗೆ ಉಳಿಸಿಕೊಳ್ಳುವುದು ವಾಡಿಕೆ. ಆ ದಿನ ಬಂದಾಗ ಕೇಳಿಸಿಕೊಳ್ಳದೆ ಕೊಟ್ಟುಬಿಡುವುದು ಮರ್ಯಾದೆ.

ನಿಯತ್ತು ಎರಡೂ ಕಡೆ ಇರಬೇಕು. ಒಬ್ಬರು ಶ್ರಮಪಟ್ಟು ಬರೆದುಕೊಟ್ಟ ವಿನ್ಯಾಸವನ್ನು ಇನ್ನೊಬ್ಬರ ಕೈಗಿಟ್ಟು ‘ಇದನ್ನೇ ಕಡಿಮೆಗೆ ಮಾಡಿಕೊಡಿ’ ಎನ್ನುವುದು ನಕಲು ಹೊಡೆದಂತೆಯೇ. ಒಬ್ಬರ ದರ ತೋರಿಸಿ ಇನ್ನೊಬ್ಬರನ್ನು ಹಿಂಡುವುದೂ ಸಲ್ಲದು. ಕೆಲಸ ಸಿಗದ ಇಬ್ಬರಿಗೆ ಫೋನು ಮಾಡಿ ‘ಬಂದು ನೋಡಿದ್ದಕ್ಕೆ ಉಪಕಾರವಾಯಿತು, ಈ ಸಲ ಬೇರೆಯವರಿಗೆ ಕೊಟ್ಟಿದ್ದೇವೆ’ ಎಂದು ಹೇಳಲು ಒಂದು ನಿಮಿಷ ಸಾಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಾವು ಚೌಕಾಸಿ ಮಾಡಿ ಇಳಿಸಿದ ಹಣ ಕೊನೆಗೆ ಯಾರ ಕೈಯಿಂದ ಹೋಗುತ್ತದೆ? ಸಿಮೆಂಟಿನ ದರ ಇಳಿಯುವುದಿಲ್ಲ, ಡೀಸೆಲ್ಲಿನ ದರ ಇಳಿಯುವುದಿಲ್ಲ. ಇಳಿಯುವುದು ಮಣ್ಣಿನ ಬಾಂಡಲಿ ಹೊರುವ ಹೆಂಗಸಿನ ದಿನಗೂಲಿ. ಅವರೊಂದಿಗೆ ಕೆಲವೊಮ್ಮೆ ಶಾಲೆಯಲ್ಲಿರಬೇಕಾದ ಹುಡುಗನೂ ಗುದ್ದಲಿ ಹಿಡಿದು ಬರುತ್ತಾನೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದು 2016ರ ತಿದ್ದುಪಡಿಯಾದ ಮೇಲೆ ಎಲ್ಲ ಬಗೆಯ ಉದ್ಯೋಗದಲ್ಲೂ ಅಪರಾಧ. ‘ಮಕ್ಕಳಿಂದ ಕೆಲಸ ಮಾಡಿಸಕೂಡದು’ ಎಂಬ ಒಂದು ಸಾಲು ನಿಮ್ಮ ಕರಾರಿನಲ್ಲಿರಲಿ. ಆ ಹುಡುಗ ಬಂದರೆ ಅಂದೇ ಗುತ್ತಿಗೆದಾರರಿಗೆ ಹೇಳಿ. ನಮ್ಮ ಮಕ್ಕಳು ಕಿಟಕಿಯೊಳಗೆ ಕುಳಿತು ಹೋಂವರ್ಕ್ ಮಾಡುತ್ತಿರುವಾಗ ಅವರದೇ ವಯಸ್ಸಿನವನು ಹೊರಗೆ ಮಣ್ಣು ಹೊರುವ ತೋಟದಲ್ಲಿ ಯಾವ ಹೂ ಅರಳಿದರೇನು?

ವಿದ್ಯಾರ್ಥಿಗಳಿಗೆ ರಜೆಯ ಕೆಲಸ

ಸ್ವಂತ ಮನೆಯಿಲ್ಲ, ತೋಟ ಮಾಡಿಸುವ ಯೋಚನೆಯೂ ಇಲ್ಲ ಎನ್ನುವ ವಿದ್ಯಾರ್ಥಿಗಳು ಶಾಲೆಯ ಅಂಗಳವನ್ನೇ ತೆಗೆದುಕೊಳ್ಳಬಹುದು. ನಾಲ್ಕು ಜನರ ತಂಡ ಮಾಡಿ. ಒಬ್ಬರು ಅಳತೆ, ಒಬ್ಬರು ನಕ್ಷೆ, ಒಬ್ಬರು ಮಣ್ಣಿನ ಪರೀಕ್ಷೆ, ಒಬ್ಬರು ದರ ವಿಚಾರಿಸುವುದು. ಪಟ್ಟಿಯಲ್ಲಿ ಇವಿಷ್ಟು ಇರಲಿ:

1. ಅವಶೇಷ ತೆಗೆದು ಸಾಗಿಸುವುದು (ಘನ ಅಡಿ)
2. ಮಣ್ಣು, ಗೊಬ್ಬರ (ಘನ ಅಡಿ, ಕುಸಿತ ಸೇರಿಸಿ)
3. ಮಟ್ಟ ಮತ್ತು ಇಳಿಜಾರು (ಎಲ್ಲಿಂದ ಎಲ್ಲಿಗೆ, ಎಷ್ಟು ಅಂಗುಲ)
4. ಹಾದಿಯ ಕಲ್ಲು (ಚದರ ಅಡಿ, ಕಲ್ಲಿನ ಜಾತಿ, ದಪ್ಪ, ಕೆಳಗಿನ ಜಲ್ಲಿ)
5. ಗಿಡಗಳು (ಹೆಸರು, ಎತ್ತರ, ಸಂಖ್ಯೆ)
6. ನೀರು ಮತ್ತು ಇಂಗುಗುಂಡಿ (ಪೈಪಿನ ಉದ್ದ, ಗುಂಡಿಯ ಅಳತೆ)
7. ಆರೈಕೆ (ಎಷ್ಟು ತಿಂಗಳು, ವಾರಕ್ಕೆ ಎಷ್ಟು ಸಲ)

ಪಟ್ಟಿ ಸಿದ್ಧವಾದ ಮೇಲೆ ಊರಿನ ನರ್ಸರಿಯವರಿಗೂ ಒಬ್ಬ ಮೇಸ್ತ್ರಿಗೂ ತೋರಿಸಿ, ಏನು ಬಿಟ್ಟುಹೋಗಿದೆ ಎಂದು ಕೇಳಿ. ಅವರು ಖಂಡಿತ ಎರಡು ಮೂರು ಬಾಬತ್ತು ತೋರಿಸಿಕೊಡುತ್ತಾರೆ. ಮೂವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವರಿಗೆ ಗೊತ್ತಿರುವಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಅವರಿಗೆ ಗೊತ್ತಿರುವುದನ್ನು ಕಾಗದಕ್ಕೆ ಇಳಿಸುವ ವಿದ್ಯೆ ಮಾತ್ರ ನಿಮ್ಮಲ್ಲಿದೆ. ಎರಡೂ ಸೇರಿದರೆ ತೋಟವೂ ಆಗುತ್ತದೆ, ಲೆಕ್ಕವೂ ತಾಳೆಯಾಗುತ್ತದೆ.